ಕೆಂಪು ಪಟ್ಟಿ ಕಟ್ಟಿದ ಡಿಸ್ಕು

ನವಮಿಯ ಬೆಳಿಗ್ಗೆ ನಾನು ಮಿಂದು ಬರುವಷ್ಟರಲ್ಲಿ ನನ್ನ ಕಂಪ್ಯೂಟರಿನ ಮೂರೂ ಡಿಸ್ಕುಗಳು ದೇವರ ಮುಂದೆ ಮಣೆಯ ಮೇಲೆ ಕೂತಿದ್ದವು. ಒಂದು ಬದಿಗೆ ಅವ್ವನ ಮೀನು ಕೊಯ್ಯುವ ಮೆಟ್ಟುಗತ್ತಿ, ಇನ್ನೊಂದು ಬದಿಗೆ ಹಾರೆ, ಗುದ್ದಲಿ, ಅಪ್ಪ ಬೋಟಿಗೆ ಹೋಗುವಾಗ ಬಿಟ್ಟುಹೋದ ಬಲೆ ಹೆಣೆಯುವ ಸೂಜಿ. ನಡುವೆ ಇವು, ಅಂಗೈಯಗಲದ ಕಪ್ಪು ಪೆಟ್ಟಿಗೆಗಳು, ಬಾಲದಂತೆ ತಂತಿ ಸುತ್ತಿಕೊಂಡು. ಒಂದೊಂದರ ನೆತ್ತಿಗೂ ಕುಂಕುಮ, ಮೇಲೊಂದು ದಾಸವಾಳ.

"ಅವ್ವ, ಇದನ್ನ ಹೆಂಗೆ ತೆಗ್ದೆ?"

"ಕಿತ್ತೆ. ಎಂತ, ಹಲ್ಲು ಕೀಳೂ ಡಾಕ್ಟ್ರು ಬರ್ಬೇಕಿತ್ತಾ?"

"ಕಂಪ್ಯೂಟರ್ ಚಾಲೂ ಇತ್ತಲೇ!"

"ಇದ್ರೆ ಇರ್ಲಿ. ನಿನ್ನ ಆಯುಧ ಅದೇ ಅಲ್ದಾ? ನನ್ನ ಕತ್ತಿಗೆ ಹೂ ಇಟ್ಟು ನಿಂದಕ್ಕೆ ಇಡ್ದಿದ್ರೆ ನೀನೇ ಮೋರೆ ಉಬ್ಬಿಸ್ತಿದ್ದೆ."

ನಿಜ ಹೇಳಬೇಕೆಂದರೆ ಒಳಗೊಳಗೆ ಹಿತವೂ ಆಗಿತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕಾಗಾಲದಿಂದ ಕುಮಟಾಕ್ಕೆ, ಅಲ್ಲಿಂದ ಹೊನ್ನಾವರದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಗಳಿಸಿದ ಡಿಗ್ರಿ ಅದು. ಈಗ ಭಟ್ಕಳದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹಾರೆ ಗುದ್ದಲಿಯ ಸಾಲಿನಲ್ಲಿ ನನ್ನ ಕೆಲಸದ ಸಾಮಾನಿಗೂ ಹೂವು ಬಿತ್ತಲ್ಲ ಎಂದುಕೊಂಡೆ.

ಆ ಮೂರು ಡಿಸ್ಕುಗಳ ವಿಷಯ ಹೇಳಬೇಕು. ಒಂದರಲ್ಲಿ ಶಾಲೆಯ ಪಾಠಗಳಿದ್ದವು. ಒಂದು ಖಾಲಿ, ಹೊನ್ನಾವರದ ಅಂಗಡಿಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು. ಮೂರನೆಯದರಲ್ಲಿ ದೊಡ್ಡವ್ವನ ಹಾಡುಗಳಿದ್ದವು.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವಳು. ನಾಟಿ, ಕೊಯ್ಲು, ಮದುವೆ, ತೊಟ್ಟಿಲು, ಯಾವುದಕ್ಕೂ ಮೊದಲು ದನಿ ಎತ್ತುವವಳು ಅವಳೇ. ಎರಡು ವರ್ಷ ಬಿಡುವಾದಾಗಲೆಲ್ಲ ಅವಳ ಹಾಡನ್ನು ಮೊಬೈಲಿನಲ್ಲಿ ಹಿಡಿದು, ಮೊಬೈಲು ತುಂಬಿದಾಗ ಡಿಸ್ಕಿಗೆ ಇಳಿಸಿ, ಮೊಬೈಲಿನದನ್ನು ಅಳಿಸಿಬಿಡುತ್ತಿದ್ದೆ. ಆಮೇಲೆ ಅವಳ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಜೀವಕ್ಕೆ ತೊಂದರೆಯಾಗಲಿಲ್ಲ, ಆದರೆ ದನಿ ಹೋಯಿತು. ಈಗ ಅವಳು ಮಾತಾಡಿದರೆ ಒಣ ಎಲೆಯ ಮೇಲೆ ಗಾಳಿ ಹೋದ ಹಾಗೆ ಕೇಳಿಸುತ್ತದೆ.

ತುಳಸಿ ಪೂಜೆ ಕಳೆದ ಮೇಲೆ ಅವಳ ಮೊಮ್ಮಗಳ ಮದುವೆ ಇತ್ತು. ಮದುಮಗಳು ಹೊಸ್ತಿಲು ದಾಟುವಾಗ ಹೇಳುವ ಹಾಡೊಂದಿದೆ. ಉದ್ದದ್ದು, ತಿರುವುಗಳು ಬಹಳ. ಉಳಿದ ಹೆಂಗಸರಿಗೆ ಸೊಲ್ಲು ಎತ್ತಿಕೊಳ್ಳುವಷ್ಟು ಗೊತ್ತು, ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ. ದಸರೆಗೆ ಮುಂಚೆಯೇ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ್ದಳು: "ನಿನ್ನ ಪೆಟ್ಟಿಗೆಲಿ ಅದು ಇದ್ದಲ್ದನಾ? ಹಬ್ಬ ಕಳೀಲಿ. ಹೆಂಗಸ್ರನ್ನ ಕೂರ್ಸಿ ಕಲಿಸ್ಬೇಕು. ನನ್ನ ಮೊಮ್ಮಗಳು ಮೈಕಿನ ಸಿನಿಮಾ ಹಾಡಿಗೆ ಹೊಸ್ತಿಲು ದಾಟೂದು ಬ್ಯಾಡ."

ಆ ಡಿಸ್ಕಿಗೆ ಅವಳೇ ಹಳೇ ರವಿಕೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಕೊಟ್ಟಿದ್ದಳು. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂದು ಮಕ್ಕಳಿಗೆ ವಾರಕ್ಕೊಮ್ಮೆ ಹೇಳುವ ನಾನು, ಅವಳ ಹಾಡಿಗೆ ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಅದಕ್ಕೆಂದೇ ಆ ಸೆಕೆಂಡ್‌ಹ್ಯಾಂಡ್ ಡಿಸ್ಕು ತಂದಿದ್ದೆ. ಅರ್ಧ ಶಾಲೆಗೆ, ಅರ್ಧ ಹಾಡಿಗೆ.

ದಶಮಿ ಕಳೆದು ಅವ್ವನೇ ಮೂರನ್ನೂ ಮತ್ತೆ ಸಿಕ್ಕಿಸಿದ್ದಳು. "ನೀ ಬಸ್ಸಿಗೆ ಓಡ್ತೆ. ನಾನೇ ಹಾಕಿಟ್ಟೆ, ಆತು," ಎಂದಳು. ಯಾವುದನ್ನು ಯಾವ ತೂತಿಗೆ ಹಾಕಿದಳೆಂದು ನಾನು ಕೇಳಲಿಲ್ಲ. ಕೇಳಬೇಕೆಂಬುದೇ ಹೊಳೆಯಲಿಲ್ಲ.

ನಾನು ಬಳಸುವುದು ಲಿನಕ್ಸ್. ಶಾಲೆಯಲ್ಲೂ ಅದೇ, ಮನೆಯಲ್ಲೂ ಅದೇ. ಹಳೇ ಯಂತ್ರದಲ್ಲೂ ಓಡುತ್ತದೆ, ಕಾಸು ಕೇಳುವುದಿಲ್ಲ, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು. ಡಿಸ್ಕುಗಳನ್ನು ನೋಡಿಕೊಳ್ಳಲು ಅದರಲ್ಲಿ ಚಿತ್ರ, ಗುಂಡಿಗಳಿರುವ ಕಿಟಕಿಯೂ ಇದೆ. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಕೆಲಸ ಮಾಡಿದರೇ ಕಲಿತವರು ಎಂಬ ಭಾವನೆ ನನ್ನದು. ಕಷ್ಟಪಟ್ಟು ಕಲಿತವರಿಗೆ ಹೀಗೊಂದು ಹಟ ಹತ್ತುತ್ತದೆ. ಸುಲಭದ್ದನ್ನು ಹಿಡಿದರೆ ಕಲಿತದ್ದು ಸುಳ್ಳಾದೀತೆಂಬ ಅಂಜಿಕೆ.

ಕಪ್ಪು ಪರದೆಯಲ್ಲಿ ಡಿಸ್ಕಿಗೆ ಅಕ್ಷರವೇ ಹೆಸರು. ಯಂತ್ರ ಯಾವುದನ್ನು ಮೊದಲು ಕಂಡಿತೋ ಅದಕ್ಕೆ ಮೊದಲ ಅಕ್ಷರ. ಒಳಗಿನದು ಎಸ್‌ಡಿಎ, ಆಮೇಲೆ ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ. ನಾನು ಯಾವಾಗಲೂ ಒಂದೇ ಕ್ರಮದಲ್ಲಿ ಸಿಕ್ಕಿಸುತ್ತಿದ್ದುದರಿಂದ ಖಾಲಿ ಡಿಸ್ಕು ಎಸ್‌ಡಿಸಿ ಎಂದು ಕೈಗೇ ರೂಢಿಯಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದು, ಅದನ್ನು ಎರಡು ಪಾಲು ಮಾಡಲು ಕೂತೆ. ಹಿಂದೆ ಬರೆದ ಆಜ್ಞೆಯನ್ನೇ ಮೇಲ್ಮುಖ ಬಾಣದ ಕೀಲಿ ಒತ್ತಿ ಮತ್ತೆ ಕರೆದೆ. ಹಳೆಯ ಪಾಲಿನ ಪಟ್ಟಿ ಅಳಿಸಲೇ? ಹೌದು. ಹೊಸದು ಬರೆಯಲೇ? ಹೌದು. ಎಂಟರ್ ಒತ್ತಿದೆ.

ಮೇಜಿನ ಮೇಲೆ ಒಂದು ಪುಟ್ಟ ನೀಲಿ ದೀಪ ಮಿಣುಕಿತು. ಡಿಸ್ಕು ಕೆಲಸ ಮಾಡುವಾಗ ಮಿಣುಕುವ ದೀಪ. ಅದು ಮಿಣುಕಿದ್ದು ರವಿಕೆ ಬಟ್ಟೆಯ ಒಳಗಿನಿಂದ.

ಕೈ ತೆಗೆದುಬಿಟ್ಟೆ. ಆ ಡಿಸ್ಕನ್ನು ತೆರೆಯಲು ನೋಡಿದರೆ ಎರಡು ಪಾಲು ತೋರಿಸಿತು, ಎರಡೂ ಖಾಲಿ, ಎರಡಕ್ಕೂ ಹೆಸರಿಲ್ಲ.

ಅವ್ವ ಹೊರಗೆ ಜಗುಲಿಯಲ್ಲಿ ಕೂತು ಬಳಚು ಸುಲಿಯುತ್ತಿದ್ದಳು. ನಮ್ಮ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು ಅದು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಕೈ ನಿಲ್ಲಿಸಿದಳು.

"ಎಂತಾತೇ? ಮೋರೆ ಹಿಂಗೆ ಮಾಡ್ಕಂಡು ನಿಂತಿದ್ದೆ?"

"ದೊಡ್ಡವ್ವನ ಹಾಡು ಅಳಿಸ್ಬಿಟ್ಟೆ."

ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. "ನಾ ಕಿತ್ತಿದ್ದಕ್ಕಾ?"

"ಅಲ್ಲ. ನಾನು ನೋಡದೇ ಬರ್ದದ್ದಕ್ಕೆ."

"ನಾ ಹಿಂದು ಮುಂದು ಹಾಕಿದ್ದಕ್ಕಾ?"

"ಅವ್ವ, ಹಿಂದು ಮುಂದು ಹಾಕಿದ್ರೂ ಗೊತ್ತಾಗೂ ಹಂಗೆ ಅದಕ್ಕೊಂದು ಹೆಸರು ಇಡ್ಬೇಕಿತ್ತು. ಇಡ್ಲಿಲ್ಲ ನಾನು."

ಅವಳು ಕೈ ತೊಳೆದುಕೊಂಡು ಒಳಗೆ ಬಂದು ಡಿಸ್ಕನ್ನು ನೋಡಿದಳು. ಕುಂಕುಮ ಹಾಗೇ ಇತ್ತು. "ಹೊರಗಿಂದ ಎಂತಾ ಆದಂಗೆ ಕಾಣ್ತಿಲ್ಯಲೇ. ಒಳಗೆ ಎಂತ ಮಾಡ್ದೆ ನೀನು? ಸರಿ ಹೇಳು."

ಹೇಳಲು ಹೊರಟ ಮೇಲೆಯೇ ನನಗೂ ಅದು ಸ್ಪಷ್ಟವಾದದ್ದು. ಅಲ್ಲಿಯವರೆಗೆ ಆಜ್ಞೆ ಗೊತ್ತಿತ್ತು, ಡಿಸ್ಕಿನೊಳಗೆ ಆಗುವುದು ಗೊತ್ತಿರಲಿಲ್ಲ. ನಮ್ಮ ಗಜನಿಯನ್ನೇ ತೋರಿಸಿ ಹೇಳಿದೆ. ಗಜನಿ ಎಂದರೆ ಹೊಳೆ ಅಂಚಿನ ಉಪ್ಪುನೀರಿನ ಗದ್ದೆ. ಕಗ್ಗ ಭತ್ತ ಬೆಳೆಯುವುದು ಅದರಲ್ಲೇ. "ಡಿಸ್ಕು ಅಂದ್ರೆ ಇಡೀ ಗಜನಿ ಅಂತ ತಿಳ್ಕ. ಅದ್ರಲ್ಲಿ ಒಂದೊಂದು ಪಾಲಿಗೂ ಕಟ್ಟು ಇರ್ತದೆ. ಇಲ್ಲಿಂದ ಇಲ್ಲಿವರೆಗೆ ಇದು ಅಂತ. ನಾನು ಹಳೇ ಕಟ್ಟು ಒಡ್ದು ಬೇರೆ ಕಡೆ ಹೊಸ ಕಟ್ಟು ಹಾಕ್ಬಿಟ್ಟೆ."

"ಕಟ್ಟು ಒಡ್ದಿದ್ದಾ? ಇಲ್ಲ ಮಣ್ಣೇ ಬಗ್ದು ಚೆಲ್ಲಿದ್ದಾ?"

ನನ್ನ ಓದಿನಲ್ಲಿ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

"ಕಟ್ಟು ಮಾತ್ರ."

"ಹೊಸ ಕಟ್ಟಿನ ಒಳಗೆ ಎಂತಾರೂ ಬಿತ್ತಿದ್ಯಾ?"

"ಇಲ್ಲ. ಅಷ್ಟ್ರಲ್ಲಿ ದೀಪ ನೋಡ್ದೆ."

"ಹಂಗಾರೆ ಮತ್ತೆ ಮುಟ್ಬೇಡ. ಆ ವರ್ಷ ತೂಬು ಒಡ್ದಾಗ ಎಂತ ಮಾಡಿದ್ರು, ನೆನಪಿದ್ಯಾ?"

ನೆನಪಿತ್ತು. ನಾನಾಗ ಹೈಸ್ಕೂಲು. ಮಳೆಗಾಲದ ದೊಡ್ಡ ಉಬ್ಬರಕ್ಕೆ ಗಜನಿಯ ತೂಬು ಕಿತ್ತುಹೋಗಿ, ಹೊಳೆ ನುಗ್ಗಿ, ನಾಲ್ಕು ಮನೆಯವರ ಪಾಲಿನ ಒಳಗಟ್ಟುಗಳು ಕೆಸರಿನಡಿ ಸಮವಾಗಿದ್ದವು. ನೀರು ಇಳಿದಾಗ ನೋಡಿದರೆ ಒಂದೇ ಬಯಲು. ಆಗ ಊರಿನವರು ಮಾಡಿದ ಮೊದಲ ಕೆಲಸ, ಯಾರೂ ಬೀಜ ಚೆಲ್ಲಬಾರದು, ಎತ್ತು ಇಳಿಸಬಾರದು ಎಂದು ಸಾರಿದ್ದು. ಆಮೇಲೆ ಬಿದಿರಿನ ಕೋಲು ಹಿಡಿದು ಹೆಜ್ಜೆಗೊಂದು ಸಲ ಕೆಸರಿಗೆ ಚುಚ್ಚುತ್ತ ಹೋದರು. ಕೋಲು ಸರಕ್ಕನೆ ಇಳಿದರೆ ಗದ್ದೆ. ಠಕ್ಕೆಂದು ನಿಂತರೆ ಅಡಿಯಲ್ಲಿ ಹಳೇ ಕಟ್ಟಿನ ಕಲ್ಲು. ಅಲ್ಲೊಂದು ಗೂಟ. ಸಂಜೆಯೊಳಗೆ ಗೂಟಗಳ ಸಾಲು ಎದ್ದು ನಾಲ್ಕು ಪಾಲೂ ಮತ್ತೆ ಕಂಡಿದ್ದವು.

"ಕೋಲು ತಗ," ಎಂದಳು ಅವ್ವ, ಎದುರಿಗೇ ಕೋಲು ಇದ್ದ ಹಾಗೆ.

ಕೋಲಿತ್ತು. ಕಳೆದುಹೋದ ಗಡಿಗಳನ್ನು ಹುಡುಕುವ ಉಚಿತ ತಂತ್ರಾಂಶವೊಂದು ಲಿನಕ್ಸಿನಲ್ಲಿದೆ. ಅದು ಮಾಡುವುದೂ ಇದೇ. ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಹೆಜ್ಜೆಹೆಜ್ಜೆಗೂ ಓದುತ್ತ, ಹಳೆಯ ಪಾಲೊಂದು ಶುರುವಾಗಿದ್ದ ಗುರುತು ಸಿಕ್ಕಿತೇ ಎಂದು ನೋಡುತ್ತ ಹೋಗುತ್ತದೆ. ಓದುತ್ತದೆಯೇ ಹೊರತು ಬರೆಯುವುದಿಲ್ಲ. ಈ ಸಲ ಆಜ್ಞೆಯ ಎದುರು ಬೆರಳಿಟ್ಟು ಮೂರು ಸಲ ಓದಿ, ಉಳಿದೆರಡು ಡಿಸ್ಕು ಕಳಚಿ ಬೀರುವಿನಲ್ಲಿಟ್ಟು, ಭಾನುವಾರ ಬೆಳಿಗ್ಗೆ ಶುರುಮಾಡಿದೆ.

ಪರದೆಯ ಮೇಲೆ ಅಂಕಿ ಏರುತ್ತಿತ್ತು. ಅವ್ವ ತನ್ನ ಕೆಲಸವನ್ನು ಒಳಗೇ ತಂದು ಪಕ್ಕದಲ್ಲಿ ಕೂತಳು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. "ಎಲ್ಲಿವರೆಗೆ ಹೋತು?" ಎಂದು ಕೇಳುವಳು, ತಾನೇ ಓದುವಳು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಗಡಿ ಸಿಕ್ಕಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಿಕ್ಕಿತು, ಮೊದಲಿನದರ ಮೇಲೆಯೇ ಹಾದುಹೋಗುವ ಗಡಿ. ಎರಡೂ ಸರಿಯಾಗಿರಲು ಸಾಧ್ಯವಿಲ್ಲ.

"ಎರಡು ಸಿಕ್ಕಿದ್ವು ಅವ್ವ. ಯಾವ್ದು ನಂದು ಗೊತ್ತಾಗೂದಿಲ್ಲ."

"ನಮ್ಮಲ್ಲೂ ಸಿಕ್ಕಿತ್ತಲೇ! ನಿನ್ನಜ್ಜನ ಅಪ್ಪನ ಕಾಲದ ಕಟ್ಟು ಒಂದು ಅಡೀಲೇ ಇತ್ತು. ಅದಕ್ಕೇ ಗೂಟ ಹೊಡ್ದು ಅರ್ಧ ದಿವಸ ಜಗಳ ಮಾಡಿದ್ರು."

"ಆಮೇಲೆ ಹೆಂಗೆ ಬಗೆಹರೀತು?"

"ಕೆಸರು ಸರ್ಸಿ ಭತ್ತದ ಬುಡ ನೋಡಿದ್ರು. ಹೋದ ವರ್ಷ ಕೊಯ್ದ ಕೂಳೆ ಯಾವ ಗಡಿ ಒಳಗೆ ಸಾಲಾಗಿ ನಿಂತಿದ್ಯೋ ಅದೇ ಈಗಿನ ಕಟ್ಟು."

ತಂತ್ರಾಂಶದಲ್ಲೂ ಒಂದು ಕೀಲಿ ಇದೆ. ಒತ್ತಿದರೆ ಆ ಗಡಿಯೊಳಗೆ ಏನೇನಿದೆ ಎಂದು ತೋರಿಸುತ್ತದೆ. ಮೊದಲಿನದರಲ್ಲಿ ಏನೂ ಬರಲಿಲ್ಲ, ಬಹುಶಃ ಡಿಸ್ಕು ಕಾರ್ಖಾನೆಯಿಂದ ಬಂದಾಗಿನ ಪಾಲು. ಎರಡನೆಯದನ್ನು ಒತ್ತಿದೆ. ಸಾಲು ಸಾಲಾಗಿ ಇಳಿದವು: ನಾಟಿ, ತೊಟ್ಟಿಲು, ಕೊಯ್ಲು, ಹೊಸ್ತಿಲು. ನಾನೇ ಇಟ್ಟ ಹೆಸರುಗಳು.

"ಕೂಳೆ ಇದ್ದು," ಎಂದೆ. ಬಾಯಿಯಿಂದ ಬಂದದ್ದು ಅದೇ.

ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿದೆ, ಆಮೇಲೆ ಆ ಖಾಲಿ ಡಿಸ್ಕಿಗೂ. ಅದಾದ ಮೇಲೆಯೇ ಹಳೆಯ ಗಡಿಯನ್ನು ಮತ್ತೆ ಬರೆದದ್ದು. ಅಷ್ಟರಲ್ಲಿ ಅವ್ವ ದೊಡ್ಡವ್ವನನ್ನು ಕೈಹಿಡಿದು ಕರೆತಂದಿದ್ದಳು. ಆದದ್ದನ್ನೆಲ್ಲ ದಾರಿಯಲ್ಲೇ ಹೇಳಿ ಮುಗಿಸಿದ್ದಳೆಂದು ಕಾಣುತ್ತದೆ, ದೊಡ್ಡವ್ವ ಬಂದವಳೇ ನನ್ನ ತಲೆಗೆ ಒಂದು ಮೊಟಕಿದಳು. ಆಮೇಲೆ ಕೂತು, ಹಾಕು ಎಂದು ಕೈ ಮಾಡಿದಳು.

ಹೊಸ್ತಿಲ ಹಾಡು ಶುರುವಾಯಿತು. ಅವಳ ಹಳೇ ದನಿ, ಗಟ್ಟಿ, ಮೂಗಿನಲ್ಲಿ ಸ್ವಲ್ಪ ಮೊರೆಯುವ ದನಿ. ದೊಡ್ಡವ್ವ ತೊಡೆಯ ಮೇಲೆ ಬೆರಳಿನಿಂದ ಲಯ ಹಿಡಿದಳು. ನಡುವೆ ಒಂದು ಕಡೆ ಹಾಡು ನಿಂತು, "ಥೂ, ಹಚ್! ನಿನ್ನ ಹೆಣ ಎತ್ತ! ಅಕ್ಕಿ ಮುಟ್ಟಿತು ನೋಡು!" ಎಂದು ಕೋಳಿಗೆ ಬೈದು, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡಿತು. ದೊಡ್ಡವ್ವ ದನಿಯಿಲ್ಲದೆ ನಕ್ಕಳು, ಭುಜ ಕುಣಿಯುವಷ್ಟು. ಮರುದಿನದಿಂದ ಸಂಜೆ ಹೆಂಗಸರು ನಮ್ಮ ಜಗುಲಿಯಲ್ಲಿ ಕೂತು ಕಲಿತರು. ಮದುವೆಯ ದಿನ ಆ ತಿರುವು ಬಂದಾಗ ಎಲ್ಲರೂ ಒಂದು ಉಸಿರು ನಿಲ್ಲಿಸಿ, ಕೋಳಿಗೆ ಬೈಯಲು ಬಿಟ್ಟ ಜಾಗವೋ ಎಂಬಂತೆ, ಬಾಯಿಗೆ ಸೆರಗು ಮುಚ್ಚಿಕೊಂಡು ಮುಂದುವರಿಸಿದರು. ಮದುಮಗಳು ಹೊಸ್ತಿಲು ದಾಟಿದಳು. ಮೈಕು ಬಂದ್ ಇತ್ತು.

ನನಗೆ ಮಾತ್ರ ಒಂದು ಪ್ರಶ್ನೆ ಉಳಿದುಕೊಂಡಿತು. ಡಿಗ್ರಿ ಇದ್ದ ನಾನು ಮಾಡಿದ ತಪ್ಪನ್ನು, ಅಕ್ಷರ ಬಾರದ ಅವ್ವ ಮಾಡದೇ ಇರಬೇಕಾದರೆ ಪರದೆಯ ಮೇಲೆ ಏನಿರಬೇಕು?

ಶಾಲೆಯಲ್ಲಿ ಉರ್ದು ಕಲಿಸುವ ಹಿರಿಯ ಟೀಚರೊಬ್ಬರಿದ್ದಾರೆ. ಮನೆಮಾತು ಭಟ್ಕಳದ ಮುಸ್ಲಿಮರ ನವಾಯತಿ, ನನ್ನ ಜೊತೆ ಕನ್ನಡ. ಅವರನ್ನು ಲ್ಯಾಬಿಗೆ ಕರೆದು, ಅವರ ಪೆನ್‌ಡ್ರೈವ್ ಸಿಕ್ಕಿಸಿ, ಪಟ್ಟಿಯಲ್ಲಿ ನಿಮ್ಮದು ಯಾವುದು ತೋರಿಸಿ ಎಂದೆ. ಕನ್ನಡಕ ಏರಿಸಿಕೊಂಡು ನೋಡಿದರು.

"ಎಂತ ಟೀಚರ್ ಇದು, ಹೆಸ್ರಾ ಇಲ್ಲ ಬಸ್ಸಿನ ನಂಬರಾ? ಇದ್ರಲ್ಲಿ ನಂದು ಅಂತ ಗುರ್ತು ಎಂತ ಉಂಟು?"

"ಎಂತ ಗುರ್ತು ಇದ್ರೆ ನಿಮ್ಗೆ ಗೊತ್ತಾಗ್ತದೆ?"

"ಒಳಗೆ ಕಡೇಗೆ ಎಂತ ಇಟ್ಟೆ ಅಂತ ತೋರಿಸ್ಲಿ. ನಂದ್ರಲ್ಲಿ ಮಗಳ ನಿಕಾಹ್ ಫೋಟೋ ಉಂಟು. ಅದನ್ನ ನೋಡಿದ್ಮೇಲೆ ನಾನು ಅಳಿಸೂದಕ್ಕೆ ಹೌದು ಅಂತೀನಾ? ಹುಚ್ಚಾ ನಂಗೆ?"

ಅದನ್ನು ಬರೆದುಕೊಂಡೆ. ಅವ್ವನ ಹತ್ತಿರವೂ ಕೇಳಿದೆ. ಅವಳು ಎದ್ದುಹೋಗಿ ತನ್ನ ಮೀನುಬುಟ್ಟಿ ತಂದಿಟ್ಟಳು. ಅದರ ಕಿವಿಗೆ ಕೆಂಪು ಬಟ್ಟೆಯ ಪಟ್ಟಿ. ಕುಮಟಾ ಮಾರ್ಕೆಟಿಗೆ ಹೋಗುವ ಟೆಂಪೋದಲ್ಲಿ ಹೆಂಗಸರ ಬುಟ್ಟಿಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ, ಎಲ್ಲವೂ ಒಂದೇ ಬಗೆಯವು. ಇಳಿಸುವಾಗ ಬಣ್ಣ ನೋಡಿಯೇ ಎತ್ತಿಕೊಳ್ಳುವುದು. "ಬುಟ್ಟಿ ಎಲ್ಲಿ ಕೂತಿತ್ತು ಅಂತ ನೋಡಿ ಎತ್ತಿದ್ರೆ ಬೇರೆಯವ್ರ ಬಂಗಡೆ ನಮ್ಮನೆಗೆ ಬತ್ತಿತ್ತು," ಎಂದಳು. ನಾನು ಮಾಡಿದ್ದೂ ಅದೇ ತಾನೆ, ಕೂತ ಜಾಗ ನೋಡಿ ಎತ್ತಿದ್ದು.

ರಜಾದಿನಗಳಲ್ಲಿ ಕೂತು ಒಂದು ಚಿಕ್ಕ ಕಿಟಕಿ ಬರೆದೆ. ಹೊಸದೇನೂ ಅಲ್ಲ. ಒಳಗೆ ಕೆಲಸ ಮಾಡುವುದು ಲಿನಕ್ಸಿನಲ್ಲಿ ಮೊದಲೇ ಇದ್ದ ಸಲಕರಣೆಗಳೇ, ನಾನು ಬರೆದದ್ದು ಮೇಲಿನ ಮುಖ ಮಾತ್ರ. ಅಕ್ಷರಗಳ ಜಾಗದಲ್ಲಿ ಬಣ್ಣದ ಪಟ್ಟಿಗಳು, ಬುಟ್ಟಿಗೆ ಕಟ್ಟಿದಂತೆ ಅವ್ವ ಡಿಸ್ಕುಗಳಿಗೂ ಒಂದೊಂದು ಬಟ್ಟೆ ಕಟ್ಟಿದ್ದಳು, ಹಾಡಿನದಕ್ಕೆ ಕೆಂಪು, ಪರದೆಯ ಮೇಲೂ ಅದೇ ಬಣ್ಣ. ಡಿಸ್ಕನ್ನು ಯಾವ ತೂತಿಗೆ ಹಾಕಿದರೂ ಬಣ್ಣ ಅದರ ಜೊತೆಗೇ ಬರುತ್ತದೆ. ಪಕ್ಕದಲ್ಲಿ, ಕಡೆಯ ಸಲ ಇಟ್ಟದ್ದು ಏನು ಎಂಬುದರ ಚಿತ್ರವೋ ಹೆಸರೋ. 'ಯಾವುದು?' ಎಂಬ ಗುಂಡಿ ಒತ್ತಿದರೆ ಆ ಡಿಸ್ಕಿನ ನೀಲಿ ದೀಪ ಮಿಣುಕುತ್ತದೆ. ನನ್ನನ್ನು ಉಳಿಸಿದ್ದೇ ಆ ದೀಪ, ಅದನ್ನು ಅದೃಷ್ಟಕ್ಕೆ ಬಿಡುವುದೇಕೆ? ಅಳಿಸಬೇಕಾದರೆ ಹೌದು ಎಂದರೆ ಸಾಲದು, ಡಿಸ್ಕಿನ ಹೆಸರನ್ನು ಪೂರ್ತಿ ಬರೆಯಬೇಕು. ಕೀಳುವ ಮೊದಲು ಒತ್ತುವ ಗುಂಡಿಯೂ ಒಂದಿದೆ. ಒತ್ತಿದರೆ ಬಾಕಿ ಬರೆಯುವುದನ್ನೆಲ್ಲ ಬರೆದು ಮುಗಿಸಿ ಬಣ್ಣ ಬೂದಿಯಾಗುತ್ತದೆ. ಬೂದಿಯಾದರೆ ಕೀಳಬಹುದು.

ಉರ್ದು ಟೀಚರು ನೋಡಿ, "ಇದು ಸರಿ. ಆದ್ರೆ ಬೂದಿ ಬಣ್ಣ ಎಂತಕ್ಕೆ? ಸತ್ತು ಹೋದಂಗೆ ಕಾಣ್ತದೆ," ಎಂದರು. ಅದನ್ನು ಇನ್ನೂ ಬದಲಿಸಿಲ್ಲ. ಯಾವ ಬಣ್ಣ ಹಾಕಬೇಕೆಂದು ಯೋಚಿಸುತ್ತಿದ್ದೇನೆ.

ಕಪ್ಪು ಪರದೆ ನನಗೀಗಲೂ ಇಷ್ಟ. ಆದರೆ ಕಷ್ಟವಾಗಿರುವುದರಿಂದಲೇ ಅದು ದೊಡ್ಡದು ಎಂಬ ಹಟ ಹೋಗಿದೆ. ಸುಲಭ ಮಾಡಲು ಹೊರಟಾಗಲೇ ನನ್ನ ಓದೆಲ್ಲ ಖರ್ಚಾದದ್ದು.

ಮರುವರ್ಷದ ನವಮಿ. ನಾನು ಮಿಂದು ಬರುವಾಗ ಮಣೆಯ ಮೇಲೆ ಕತ್ತಿ, ಹಾರೆ, ಗುದ್ದಲಿ ಕೂತಾಗಿತ್ತು. ಹಳದಿ ಪಟ್ಟಿಯದು, ಹಸಿರು ಪಟ್ಟಿಯದು ಎರಡೂ ಡಿಸ್ಕು ಬಂದಿದ್ದವು. ಕೆಂಪಿನದು ಇರಲಿಲ್ಲ. ಅವ್ವ ಕಂಪ್ಯೂಟರಿನ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಇದ್ರ ಬಣ್ಣ ಹೋಗ್ತಿಲ್ಯಲೇ. ಮೂರು ಸಲ ಒತ್ತಿದೆ. ಹಾಳಾತಾ?"

ಹೋಗಿ ನೋಡಿದೆ. ಕೆಂಪು ಪಟ್ಟಿಯ ಕೆಳಗೆ ನಾನೇ ಬರೆದ ಸಾಲು ಮೂಡಿತ್ತು: ಇದರಲ್ಲಿರುವುದನ್ನು ಯಾರೋ ಕೇಳುತ್ತಿದ್ದಾರೆ. ಇಯರ್‌ಫೋನಿನ ತಂತಿ ಮೇಜಿನಿಂದ ಇಳಿದು ಬೀರುವಿನ ಆಚೆ ಹೋಗಿತ್ತು. ಅಲ್ಲಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ, ದೊಡ್ಡವ್ವ ಕೂತಿದ್ದಳು. ತೊಡೆಯ ಮೇಲೆ ಬೆರಳು ಲಯ ಹಿಡಿದಿತ್ತು.

"ಹಾಳಾಗ್ಲಿಲ್ಲ. ದೊಡ್ಡವ್ವ ಕೇಳ್ತಿದ್ದಾಳೆ," ಎಂದೆ.

ಅವ್ವ ಬಗ್ಗಿ ನೋಡಿದಳು. "ಯಾವ್ದು ಹಾಡು?"

"ಹೊಸ್ತಿಲದ್ದು."

"ಉದ್ದ ಇದ್ದು ಅದು," ಎಂದು ಒದ್ದೆ ಬಟ್ಟೆಯನ್ನು ಮೇಜಿನ ಅಂಚಿಗೆ ಹಾಕಿ, ಕುಂಕುಮದ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕೂತಳು. "ಕೋಳಿ ಬಂತನಾ ಕೇಳು. ಕೋಳಿ ಬಂದ್ರೆ ಅರ್ಧ ಆದಂಗೆ."